ಸರ್ವರ್ ತೊಳೆದ ಶುಕ್ರವಾರ

ನನ್ನ ಜಾಗಕ್ಕೆ ಬಂದ ಹುಡುಗಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಫೋನು ಮಾಡಿದಳು. "ಬಾಯಿ, ಈ ಡಿಪಾರ್ಟಮೆಂಟ್ ಹ್ಯಾಂಗ ನಡಸೂದು ಅಂತ ಏನಾರ ಬರದಿಟ್ಟೀರೇನ್ರಿ?" ಎಂದು ಕೇಳಿದಳು. ಬಾಯಿ ಎಂದರೆ ನಮ್ಮ ಆಫೀಸಿನಲ್ಲಿ ಮೇಡಂ. ಇಲ್ಲ ಎಂದೆ. ಬರೆದಿಟ್ಟಿದ್ದರೂ ಅವಳಿಗೆ ಉಪಯೋಗವಾಗುತ್ತಿರಲಿಲ್ಲ. ಯಾವ ಕೇಬಲ್ಲು ಎಲ್ಲಿ ಹೋಗಿದೆ, ಯಾವ ಸ್ವಿಚ್ಚು ಯಾವುದಕ್ಕೆ ಎಂದು ಬರೆಯಬಹುದು. ಸಾಹೇಬರು ಪಂಚಾಂಗ ತೆಗೆದ ದಿನ ಏನು ಮಾಡಬೇಕು ಎಂದು ಹೇಗೆ ಬರೆಯುವುದು? ಆಮೇಲೆ ಯೋಚಿಸಿದಾಗ, ಬರೆಯಬೇಕಾದದ್ದು ಅದೇ ಅನ್ನಿಸಿತು. ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪ್ಯೂಟರಿನ ವಿಷಯದಲ್ಲಿ ನಾನು ಹೇಳಬೇಕಾದ್ದು ಏನೂ ಇಲ್ಲ, ಅವರಿಗೇ ಹೆಚ್ಚು ಗೊತ್ತು. ಕಂಪ್ಯೂಟರಿನ ಸುತ್ತ ಕೂತಿರುವವರ ವಿಷಯ ಮಾತ್ರ ಹೇಳುತ್ತೇನೆ.

ನಾನು ಬರೆಯುತ್ತ ಕೂತದ್ದನ್ನು ನೋಡಿ ಮಗಳು ನಕ್ಕಳು. "ಆಯಿ, ಕನ್ನಡದಾಗ ಬರ್ಯಾಕತ್ತೀದಿ? ನಿಮ್ಮ ಆಫೀಸನ್ಯಾಗ ಕನ್ನಡ ಮಾತಾಡೂದು ಎಲ್ಲಾರೂ ಮಾತಾಡ್ತಾರ, ಓದಾಕ ಯಾರಿಗಿ ಬರ್ತೈತಿ?" ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಸೊಲ್ಲಾಪುರದಲ್ಲಿ ಒಂದು ಗುಟ್ಟನ್ನು ಭದ್ರವಾಗಿಡಬೇಕೆಂದರೆ ಕನ್ನಡದಲ್ಲಿ ಬರೆದು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬಹುದು. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಗುಪ್ತಲಿಪಿ ನಾನು ಕಂಡಿಲ್ಲ.

ನಮ್ಮದು ವಕೀಲಿ ಸಂಸ್ಥೆ. ಸೊಲ್ಲಾಪುರ ಪೇಟೆಯ ಹಳೆಯ ವಾಡೆಯೊಂದರಲ್ಲಿ ಮುಖ್ಯ ಆಫೀಸು, ಅಕ್ಕಲಕೋಟೆಯಲ್ಲಿ ಒಂದು ಸಣ್ಣ ಶಾಖೆ. ಕಕ್ಷಿದಾರರಲ್ಲಿ ಅರ್ಧ ಜನ ಚಾದರ, ಟವೆಲ್ ವ್ಯಾಪಾರದ ಸೇಠಜಿಗಳು, ಇನ್ನರ್ಧ ಹೊಲದ ಬದುವಿಗೆ ಜಗಳ ಕಾದು ಬಂದ ರೈತರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಚಹಾ ಕುಡಿದು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು. ನನ್ನ ಕೋಣೆಯ ಮೇಲೆ ‘ಮಾಹಿತಿ ತಂತ್ರಜ್ಞಾನ ವಿಭಾಗ ಪ್ರಮುಖ’ ಎಂಬ ಮರಾಠಿ ಹಲಗೆ ಇತ್ತು. ಹಲಗೆ ಬಾಗಿಲಿಗಿಂತ ಅಗಲವಾಗಿತ್ತು. ವಿಭಾಗವೆಂದರೆ ನಾನು, ಒಂದು ಸರ್ವರ್, ಮತ್ತು ಅರ್ಧ ಮಲ್ಲಿನಾಥ. ಮಲ್ಲಿನಾಥ ಆಫೀಸಿನ ಸಿಪಾಯಿ. ಅವನ ಉಳಿದರ್ಧ ಚಹಾಕ್ಕೆ ಸೇರಿತ್ತು. ಸರ್ವರ್ ಅಂದರೆ ಎಲ್ಲರ ಕಡತಗಳನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡ ದೊಡ್ಡ ಕಂಪ್ಯೂಟರು. ಅದು ನಿಂತರೆ ಇಡೀ ಆಫೀಸಿಗೆ ಮಾಡಲು ಕೆಲಸವಿಲ್ಲ, ಮಲ್ಲಿನಾಥನಿಗೆ ಮಾತ್ರ ಕೆಲಸ ದುಪ್ಪಟ್ಟು.

ಸಾಹೇಬರು ಅಂದರೆ ನಮ್ಮ ಹಿರಿಯ ವಕೀಲರು, ಸಂಸ್ಥೆಯ ಯಜಮಾನರು. ಕಾನೂನಿನಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ. ಪಂಚಾಂಗದಲ್ಲಿಯೂ ಇರಲಿಲ್ಲ. ಎರಡನ್ನೂ ಅವರು ಒಂದೇ ಕಪಾಟಿನಲ್ಲಿ ಇಡುತ್ತಿದ್ದರು.

ನಾನು ಸೇರಿದ ಹೊಸತರಲ್ಲಿ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿದೆ. ಟೈಪಿಸ್ಟರಿಂದ ಸಾಹೇಬರವರೆಗೆ ಎಲ್ಲರದೂ ಒಂದೇ ಪಾಸ್‌ವರ್ಡು! ಅಕ್ಕಲಕೋಟೆಯ ಸ್ವಾಮಿಗಳ ಹೆಸರು, ಮುಂದೆ ಒಂದು ಎರಡು ಮೂರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ತಾವಾಗಿಯೇ ಹೊಳೆದಿತ್ತು. ನಾನು ಸುತ್ತೋಲೆ ಹೊರಡಿಸಿದೆ: ಇನ್ನು ಮುಂದೆ ಪಾಸ್‌ವರ್ಡಿನಲ್ಲಿ ದೇವರ ಹೆಸರು ಇರಕೂಡದು. ಅರ್ಧ ಗಂಟೆಯೊಳಗೆ ಸಾಹೇಬರ ಕೋಣೆಗೆ ಕರೆ ಬಂತು.

"ಬಾಯಿ, ದೇವರನ್ನ ಆಫೀಸನ್ಯಾಗಿಂದ ಹೊರಗ ಹಾಕಿದ್ರಂತ?"

"ದೇವರನ್ನಲ್ರಿ ಸಾಹೇಬ್ರ, ಪಾಸ್‌ವರ್ಡನ್ಯಾಗಿಂದ ಅಷ್ಟ."

"ಒಂದಽ ಆತಲ್ರಿ. ಮುಂಜಾನೆ ಬಂದ ಕೂಡ್ಲೆ ಆ ಹೆಸರ ಒತ್ತತೀವಿ, ದಿನಾ ಚೊಲೊ ಹೋಗತೈತಿ. ಅದರ ಬದ್ಲಿ ಏನ ಒತ್ತಬೇಕು, ನನ್ನ ಹೆಂಡತಿ ಹೆಸರೇನು?"

ಕೊನೆಗೆ ರಾಜಿಯಾಯಿತು. ದೇವರ ಹೆಸರು ಇರಲಿ, ಮುಂದಿನ ಅಂಕಿಯನ್ನಾದರೂ ಪ್ರತಿಯೊಬ್ಬರೂ ಬದಲಿಸಲಿ ಎಂದೆ. ಎಲ್ಲರೂ ವಿಧೇಯತೆಯಿಂದ ಬದಲಿಸಿದರು. ಮರುದಿನ ಪರೀಕ್ಷಿಸಿದರೆ ಇಡೀ ಆಫೀಸಿನದು ನೂರಾ ಒಂದು. ಮದುವೆಯಲ್ಲಿ ಆಹೇರಿಗೆ, ಅಂದರೆ ಮುಯ್ಯಿಗೆ, ಕೊಡುವ ಶುಭ ಅಂಕಿ ಬಿಟ್ಟು ಬೇರೆ ಅಂಕಿ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ. ನಾನು ಸುತ್ತೋಲೆ ಬರೆಯುವುದನ್ನು ಅಂದೇ ಬಿಟ್ಟೆ, ಆಮೇಲಿನಿಂದ ಎಲ್ಲರ ಪಾಸ್‌ವರ್ಡನ್ನೂ ನಾನೇ ಕೊಡುತ್ತಿದ್ದೆ.

ಆಮೇಲೆ ಮನೆಯಿಂದಲೇ ಕೋರ್ಟು ನಡೆಯುವ ಕಾಲ ಬಂತು. ಕ್ಯಾಮರಾದ ಮುಂದೆ ಕೂತು ವಾದಿಸಬೇಕು. ಸಾಹೇಬರಿಗೆ ಎರಡು ದಿನ ತರಬೇತಿ ಕೊಟ್ಟೆ. ಗುಂಡಿ ಒತ್ತುವುದು, ಧ್ವನಿ ಹಾಕುವುದು ತೆಗೆಯುವುದು ಎಲ್ಲ ಕಲಿತರು. ಮೊದಲ ದಿನ ಪರದೆಯ ಮೇಲೆ ನ್ಯಾಯಾಧೀಶರು ಕಾಣಿಸಿದ್ದೇ ತಡ, ಸಾಹೇಬರು ಎದ್ದು ನಿಂತರು. ಜೀವಮಾನವೆಲ್ಲ ನಿಂತು ವಾದಿಸಿದ ಮನುಷ್ಯ. ಕ್ಯಾಮರಾಕ್ಕೆ ಅವರ ಮುಖ ಹೋಗಿ ಹೊಟ್ಟೆ ಬಂತು. ಕರಿ ಕೋಟಿನ ಎರಡು ಗುಂಡಿಗಳು ಇಪ್ಪತ್ತು ನಿಮಿಷ ಜಮೀನಿನ ಹಕ್ಕಿನ ಬಗ್ಗೆ ಅದ್ಭುತವಾಗಿ ಮಾತಾಡಿದವು. ನ್ಯಾಯಾಧೀಶರು, ವಕೀಲರೇ ಕೂತುಕೊಳ್ಳಿ ಎಂದು ಮರಾಠಿಯಲ್ಲಿ ಬೇಡಿಕೊಂಡರು. ಇವರು ಕೂರಲಿಲ್ಲ. ಕೋರ್ಟಿನ ಎದುರು ಕೂತು ಮಾತಾಡಿದರೆ ನಾಲಗೆಯೇ ಹೊರಳುವುದಿಲ್ಲ ಎಂದು ನನಗೆ ಆಮೇಲೆ ಹೇಳಿದರು. ಮಲ್ಲಿನಾಥ ಮತ್ತು ನಾನು ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಾಹೇಬರ ಮುಖವನ್ನು ಕೋರ್ಟಿಗೆ ಮರಳಿ ಕೊಟ್ಟೆವು. ಹೊಸಬರು ನೆನಪಿಡಬೇಕು: ಮನುಷ್ಯನನ್ನು ಕೂರಿಸುವುದಕ್ಕಿಂತ ಯಂತ್ರವನ್ನು ಎತ್ತರಿಸುವುದು ಯಾವಾಗಲೂ ಸುಲಭ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಸರ್ವರಿನಲ್ಲಿ ಇರುವುದರ ಒಂದು ನಕಲು ಬೇರೆ ಊರಿನಲ್ಲಿ ಇರಬೇಕು, ಇದು ನಮ್ಮ ವೃತ್ತಿಯ ಮೊದಲ ಪಾಠ. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿ ಉಳಿಯುತ್ತದೆ. ನಕಲನ್ನು ಇಂಟರ್‌ನೆಟ್ ಮೂಲಕ ದೂರದ ಕಂಪನಿಯೊಂದರಲ್ಲಿ ಇಡೋಣವೆಂದರೆ ಸಾಹೇಬರು ಒಪ್ಪಲಿಲ್ಲ. "ನಮ್ಮ ಮಂದಿ ಕಾಗದಪತ್ರ ಗುರ್ತಿಲ್ಲದವರ ಮನ್ಯಾಗ ಯಾಕ ಇಡಬೇಕ್ರಿ?" ಎಂದರು. ಆದ್ದರಿಂದ ನಾನು ಊರಿನ ರೂಢಿಗೇ ಜೋತುಬಿದ್ದೆ. ಗುರುವಾರ ಬಂತೆಂದರೆ ನಮ್ಮ ಆಫೀಸಿನ ಒಬ್ಬರಾದರೂ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗಿಯೇ ಹೋಗುತ್ತಿದ್ದರು. ಮಳೆ ಬರಲಿ, ಮುಷ್ಕರ ನಡೆಯಲಿ, ಅದು ತಪ್ಪಿದ್ದಿಲ್ಲ. ಹೋಗುವವರ ಕೈಯಲ್ಲಿ ಅಂಗೈಯಗಲದ ಹಾರ್ಡ್ ಡಿಸ್ಕ್ ಕೊಟ್ಟು ಕಳಿಸುತ್ತಿದ್ದೆ. ಅವರು ಅದನ್ನು ನಮ್ಮ ಶಾಖೆಯಲ್ಲಿ ಕೊಟ್ಟು, ಹಿಂದಿನ ವಾರದ್ದನ್ನು ವಾಪಸು ತರುತ್ತಿದ್ದರು. ದೊಡ್ಡ ದೊಡ್ಡ ಕಂಪನಿಗಳ ವ್ಯವಸ್ಥೆ ಕೈಕೊಡುತ್ತದೆ. ನಮ್ಮದು ದೇವರ ಭಯದ ಮೇಲೆ ನಿಂತಿತ್ತು, ಒಂದು ವಾರವೂ ಕೈಕೊಡಲಿಲ್ಲ.

ಅಕ್ಕಲಕೋಟೆಯ ಶಾಖೆ ಎಂದರೆ ಗುರುಲಿಂಗಪ್ಪ ಮಾಮಾ ಅವರ ಮನೆಯ ಪಡಸಾಲೆ. ಅವರು ನಮ್ಮ ಹಳೆಯ ಕಾರಕೂನರು, ಸಂಜೆಯ ಆರತಿ ತಪ್ಪಿಸದವರು. ಡಿಸ್ಕನ್ನು ಎಲ್ಲಿಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಬರೋಬರ್ ಜಾಗಾದಾಗ ಇಟ್ಟೀನ್ರಿ, ಕಾಳಜಿ ಮಾಡಬ್ಯಾಡ್ರಿ" ಎಂದಿದ್ದರು. ನಾನು ಮಾಡಲಿಲ್ಲ.

ಆ ವರ್ಷ ನಾಗಣಸೂರಿನ ನೀಲಾಬಾಯಿ ಎಂಬ ಮುದುಕಿಯ ಖಟ್ಲೆ ನಡೆದಿತ್ತು. ಅವಳ ಹೊಲಕ್ಕೆ ಹೋಗುವ ಬಂಡಿ ದಾರಿ ಪಕ್ಕದವನ ಹೊಲದ ಅಂಚಿನಲ್ಲಿ ಹಾಯ್ದಿತ್ತು. ಅವಳ ಅತ್ತೆಯ ಕಾಲದಿಂದ ಬಂಡಿ ಓಡಾಡಿದ ದಾರಿ. ಪಕ್ಕದವನು ಒಂದು ದಿನ ಅದಕ್ಕೆ ಅಡ್ಡ ಗೋಡೆ ಎಬ್ಬಿಸಿದ. ದಾರಿ ಹೋದರೆ ಹೊಲ ಇದ್ದೂ ಇಲ್ಲದಂತೆ. ರಾಶಿ ಮಾಡಿದ್ದನ್ನು ಮನೆಗೆ ತರುವುದು ಹೇಗೆ? ಮಾರೋಣವೆಂದರೆ ದಾರಿ ಇಲ್ಲದ ಹೊಲವನ್ನು ಕೊಳ್ಳುವವನು ಆ ಪಕ್ಕದವನೊಬ್ಬನೇ. ಅವನ ಆಸೆಯೂ ಅದೇ ಇತ್ತು. ನೀಲಾಬಾಯಿ ನಮ್ಮ ಬೆಂಚಿನ ಮೇಲೆ ಬಂದು ಕೂತಳೆಂದರೆ ಚಹಾ ಕೂಡ ಕುಡಿಯುತ್ತಿರಲಿಲ್ಲ. "ದಾರಿ ಸಿಗೂತನಾ ನನಗ ಏನೂ ಹೋಗಂಗಿಲ್ಲ" ಎನ್ನುತ್ತಿದ್ದಳು.

ಕೋರ್ಟು ಎರಡು ಸಲ ಸಮಯ ಕೊಟ್ಟಿತ್ತು. ಈ ಶುಕ್ರವಾರ ಸಂಜೆ ಕಚೇರಿ ಮುಗಿಯುವುದರೊಳಗೆ ಲಿಖಿತ ವಾದ ಕಂಪ್ಯೂಟರಿನಲ್ಲಿ ಸಲ್ಲಿಸಬೇಕು, ಇದೇ ಕೊನೆ ಎಂದಿತ್ತು. ಸಾಹೇಬರು ಅದನ್ನು ಬುಧವಾರವೇ ಬರೆಸಿ ಮುಗಿಸಿದ್ದರು. ಹಳೆಯ ನಕಾಶೆ, ಸಾಕ್ಷಿಗಳ ಹೇಳಿಕೆ ಎಲ್ಲ ಸೇರಿಸಿ ದೊಡ್ಡ ಗಂಟು ತಯಾರಾಗಿತ್ತು. ಇಂದೇ ಸಲ್ಲಿಸೋಣ ಎಂದೆ. ಸಾಹೇಬರು ಪಂಚಾಂಗ ತೆಗೆದರು.

"ಪಿತೃಪಕ್ಷ ನಡದೈತ್ರಿ ಬಾಯಿ. ಇದ್ದುದರಾಗ ಶುಕ್ರವಾರ ರಾಹುಕಾಲ ಮುಗದ ಮ್ಯಾಲೆ ಜರಾ ಬರೋಬರ್ ಐತಿ. ಹನ್ನೆರಡಕ್ಕ ಕಳಸೂನು."

ಗುರುವಾರ ಎಂದಿನಂತೆ ನಕಲು ತೆಗೆದು ಡಿಸ್ಕನ್ನು ದರ್ಶನಕ್ಕೆ ಹೊರಟ ಟೈಪಿಸ್ಟರ ಕೈಯಲ್ಲಿ ಅಕ್ಕಲಕೋಟೆಗೆ ಕಳಿಸಿದೆ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದರೆ ಮೆಟ್ಟಿಲ ಮೇಲಿಂದ ನೀರು ಹರಿದು ಬರುತ್ತಿತ್ತು.

ನವರಾತ್ರಿಯ ಘಟ ಕೂರಿಸುವ ಮೊದಲು ಮನೆಯಲ್ಲಿ ಒಂದು ಚಿಂದಿಯನ್ನೂ ತೊಳೆಯದೆ ಬಿಡುವುದಿಲ್ಲ, ಇದು ನಮ್ಮ ಕಡೆಯ ಪದ್ಧತಿ. ಹಾಸಿಗೆ, ಹೊದಿಕೆ, ಪಾತ್ರೆ, ಗೋಡೆ, ಎಲ್ಲವೂ ನೀರು ಕಾಣಬೇಕು. ಮಲ್ಲಿನಾಥ ಆ ವರ್ಷ ಭಕ್ತಿ ಹೆಚ್ಚಾಗಿ ಆಫೀಸನ್ನೂ ತೊಳೆಯಲು ಹಿಡಿದಿದ್ದ. ಕುರ್ಚಿಗಳು ಅಂಗಳದಲ್ಲಿ ಅಂಗಾತ ಬಿದ್ದಿದ್ದವು. ನನ್ನ ಕೋಣೆಯ ಬಾಗಿಲು ತೆರೆದಿತ್ತು. ಅವನು ಮೊಣಕಾಲವರೆಗೆ ಪ್ಯಾಂಟು ಮಡಚಿ, ಕೈಯಲ್ಲಿ ಪೈಪು ಹಿಡಿದು ನಿಂತಿದ್ದ. ಅಷ್ಟು ತೃಪ್ತಿಯನ್ನು ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ.

"ಬಾಯಿರಿ, ಮ್ಯಾಲಿಂದ ಮ್ಯಾಲೆ ತೊಳದಿಲ್ರಿ ನಾ. ಬಾಜೂದ ತಗಡ ಬಿಚ್ಚಿ ಒಳಗಿನ ಧೂಳಾ ಸುದ್ದಾ ತಗದೀನಿ! ಎಷ್ಟ ಹೊಲಸ ಇತ್ತು ಅಂತೀರಿ."

ನಾನು ಅವನನ್ನು ಸರಿಸಿ ಒಳಗೆ ನುಗ್ಗಿದೆ. ಸರ್ವರಿನ ಕೆಳಗಿನ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿಟ್ಟಿದ್ದ ಹಿಂದಿನ ವಾರದ ಡಿಸ್ಕ್ ಬಕೆಟ್ಟಿನಲ್ಲಿ ಸಾಬೂನಿನ ನೀರಿನೊಳಗೆ ಮಲಗಿತ್ತು.

ಸಾಹೇಬರು ಬಂದರು, ನೋಡಿದರು, ತೀರ್ಪು ಕೊಟ್ಟರು. "ಹೌದಲ್ಲ, ತೊಯ್ದೈತಿ. ಒಣಗಸ್ರಿ." ಸರ್ವರ್ ಮಾಳಿಗೆ ಹತ್ತಿತು. ಅಲ್ಲಿ ಹೊರಸಿನ ಮೇಲೆ ವಾಡೆಯ ಗೋದಡಿಗಳು ಒಣಗುತ್ತಿದ್ದವು. ಎರಡು ಗೋದಡಿಗಳ ನಡುವೆ ಜಾಗ ಮಾಡಿ ಅದನ್ನು ಮಲಗಿಸಿದರು. ಮಲ್ಲಿನಾಥ ಆಗಾಗ ಹೋಗಿ ಹಪ್ಪಳ ತಿರುವಿದಂತೆ ಅದನ್ನು ತಿರುವಿ ಬರುತ್ತಿದ್ದ. ಅವನ ಮುಖ ಸಣ್ಣದಾಗಿತ್ತು, ಬೈಯಲು ನನಗೆ ಮನಸ್ಸು ಬರಲಿಲ್ಲ. ಒಂದು ಕಾಗೆ ಅದರ ಮೇಲೆ ಕೂತು ನೋಡಿತು. ಪಿತೃಪಕ್ಷವಾದ್ದರಿಂದ ಅದನ್ನು ಓಡಿಸಲು ಯಾರಿಗೂ ಧೈರ್ಯವಾಗಲಿಲ್ಲ.

ಉಳಿದದ್ದು ಅಕ್ಕಲಕೋಟೆಯ ಡಿಸ್ಕ್ ಒಂದೇ. ಮಾಮಾ ಅವರಿಗೆ ಫೋನು ಮಾಡಿದೆ.

"ಮಾಮಾ, ನಿನ್ನಿ ಕಳಿಸಿದ ಡಿಸ್ಕ್ ಎಲ್ಲೈತ್ರಿ?"

"ದೇವರ ಮಾಡದಾಗ ಐತ್ರಿ ಬಾಯಿ. ಯಾವಾಗಿದ್ರೂ ಅಲ್ಲೇ ಇಡ್ತೀನಿ. ಕೆಂಪ ಅರಬ್ಯಾಗ ಸುತ್ತಿ, ಹೂವಾ ಏರಿಸಿ. ಬರೋಬರ್ ಐತಿ."

"ಹಾಂಗಽ ಇರಲ್ರಿ. ನಾವು ಈಗ ಬರಾಕತ್ತೀವಿ."

"ಬರ್ರಿ ಬರ್ರಿ. ಆದ್ರ ಒಳಗ ಗದ್ದಲ ಐತ್ರಿ. ಇವತ್ತ ಮನ್ಯಾಕಿ ದೇವರನ್ನೆಲ್ಲಾ ಹೊರಗ ತಗದು ಹುಣಸಿಹಣ್ಣ ಹಚ್ಚಿ ತಿಕ್ಕಿ ತೊಳಿಯಾಕತ್ಯಾಳ."

ಅಷ್ಟರಲ್ಲಿ ಫೋನು ನಿಂತಿತು. ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಹುಣಸೆಹುಳಿ ಹಚ್ಚಿದ ಹಾರ್ಡ್ ಡಿಸ್ಕಿನಿಂದ ಮಾಹಿತಿ ತೆಗೆಯುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸಾಹೇಬರ ಕಾರಿನಲ್ಲಿ ಹೊರಟೆವು. ನಾನು ಮಡಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಮುಂದೆ ಕೂತಿದ್ದೆ, ಸಾಹೇಬರು ಕರಿ ಕೋಟು ತೊಟ್ಟು ಹಿಂದೆ. ದಾರಿಯ ನಡುವಿನ ವಳಸಂಗ ಬಂದಾಗ ಅವರು ಗಡಿಯಾರ ನೋಡಿ ಡ್ರೈವರನಿಗೆ ಕಾರು ನಿಲ್ಲಿಸಲು ಹೇಳಿದರು. ರಾಹುಕಾಲ ಮುಗಿಯುವ ಮೊದಲು ಅಕ್ಕಲಕೋಟೆಯ ಸೀಮೆ ಹೊಕ್ಕರೆ ಇದ್ದ ಡಿಸ್ಕೂ ಇಲ್ಲದಂತಾಗುತ್ತದೆ ಎಂದರು. "ಸಾಹೇಬ್ರ, ಅಲ್ಲಿ ತೊಳಿಯಾಕತ್ತಾರ!" ಎಂದೆ. "ರಾಹುಕಾಲದಾಗ ತೊಳದದ್ದು ತೊಳದಂಗಲ್ರಿ" ಎಂದರು. ನಾವು ವಳಸಂಗದಲ್ಲಿ ಚಹಾ ಕುಡಿದೆವು, ಭಜಿ ತಿಂದೆವು. ಸಾಹೇಬರು ಎರಡನೇ ಪ್ಲೇಟು ಹೇಳಿದರು. ಆ ಭಜಿಯ ರುಚಿ ಏನೆಂದು ಈಗಲೂ ನನಗೆ ಗೊತ್ತಿಲ್ಲ.

ಮಾಮಾ ಅವರ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ನೀಲಾಬಾಯಿ. ತನ್ನ ಕಾಗದ ಕೋರ್ಟಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಬೆಳಿಗ್ಗೆಯೇ ಬಸ್ಸು ಹಿಡಿದು ಅದು ತನ್ನೂರಿಗೆ ಹತ್ತಿರದ ಶಾಖೆಯಿಂದಲೇ ಹೋಗುತ್ತದೆಂದು ತಿಳಿದು ಇಲ್ಲಿಗೆ ಬಂದು ಕೂತಿದ್ದಳು. ಅವಳ ಮುಂದೆಯೇ ದೊಡ್ಡ ಪರಾತದಲ್ಲಿ ಹುಣಸೆಯ ನೀರು, ಅದರಲ್ಲಿ ಇಡೀ ದೇವರ ಮನೆ ಮುಳುಗಿತ್ತು. ಮಾಮಿ, ಅಂದರೆ ಗುರುಲಿಂಗಪ್ಪ ಮಾಮಾ ಅವರ ಹೆಂಡತಿ, ಒಂದು ಹಿತ್ತಾಳೆಯ ನಂದಿಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ನಾನು ನೇರ ಹೋಗಿ ಪರಾತದೊಳಗೆ ಕೈ ಹಾಕಿದೆ. ಗಂಟೆ ಸಿಕ್ಕಿತು, ದೀಪ ಸಿಕ್ಕಿತು, ಬಾಲಕೃಷ್ಣ ಸಿಕ್ಕಿದ.

"ಏನ ಹುಡಕಾಕತ್ತೀರಿ ಬಾಯಿ?" ಮಾಮಿ ಕೇಳಿದರು.

"ಕೆಂಪ ಅರಬ್ಯಾಗಿಂದು, ಮಾಮಿ! ತೊಳದ್ರೇನ್ರಿ ಅದನ್ನ?"

ಮಾಮಿ ನಂದಿಯನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದನ್ಯಾಕ ತೊಳೀಲಿ? ಅದರಾಗ ಕಾಗದಪತ್ರ ಅದಾವ ಅಂತ ಇವ್ರ ಹೇಳ್ಯಾರ. ಕಾಗದ ಇದ್ದದ್ದು ಅಂದ್ರ ಪೋಥಿ ಆತು. ದೇವರಿಗಿ ನೀರ ಹಾಕ್ತಾರ, ಪೋಥಿಗಿ ಯಾರರ ನೀರ ಹಾಕ್ತಾರೇನು? ಅಷ್ಟೂ ತಿಳಿಯಂಗಿಲ್ಲೇನ್ರಿ?"

ಪೋಥಿ ಎಂದರೆ ಪಾರಾಯಣಕ್ಕೆ ಇಟ್ಟ ಧರ್ಮಗ್ರಂಥ. ಡಿಸ್ಕ್ ದೇವರ ಮಾಡದ ಮೇಲಿನ ಅಟ್ಟದಲ್ಲಿ, ಬೇರೆ ಎರಡು ಪೋಥಿಗಳ ನಡುವೆ, ಒಣ ಕೆಂಪು ಬಟ್ಟೆಯಲ್ಲಿ, ತಲೆಯ ಮೇಲೆ ಒಂದು ಶೇವಂತಿಗೆ ಇಟ್ಟುಕೊಂಡು ಕೂತಿತ್ತು. ನನಗೆ ಮಾಮಿಯ ಕಾಲು ಹಿಡಿಯಬೇಕೆನ್ನಿಸಿತು. ಡಿಸ್ಕಿಗೆ ಕೈ ಚಾಚಿದೆ. ಮಾಮಿ ಅಡ್ಡ ಬಂದರು.

"ಮೈ ತೊಕ್ಕೊಂಡೀರಿ?"

"ಮುಂಜಾನಿ ಆಗೈತ್ರಿ ಮಾಮಿ."

"ಮುಂಜಾನಿದು ನಡಿಯಂಗಿಲ್ಲ. ಹಾದ್ಯಾಗ ಹೊಟೆಲದಾಗ ತಿಂದ ಬಂದೀರಿ, ಬಾಯಾಗ ಉಳ್ಳಾಗಡ್ಡಿ ವಾಸನಿ ಐತಿ. ಪೋಥಿ ಬಿಚ್ಚೂ ಮುಂದ ಮಡೀಲೆ ಇರಬೇಕು."

ನಾನು ಸಾಹೇಬರ ಕಡೆ ನೋಡಿದೆ. ಜಿಲ್ಲೆಯ ದೊಡ್ಡ ವಕೀಲರು ಒಂದು ವಾದವನ್ನೂ ಮಂಡಿಸಲಿಲ್ಲ. "ಅವ್ರು ಹೇಳೂದು ಬರೋಬರ್ ಐತಿ" ಎಂದು ತಾವೇ ಹೋಗಿ ಕಾಲು ತೊಳೆದುಕೊಂಡು ಬಾಯಿ ಮುಕ್ಕಳಿಸಿದರು. ನಾನು ಸ್ನಾನ ಮಾಡಿದೆ. ಮಾಮಿ ಒಗೆದ ಇಳಕಲ್ ಸೀರೆ ಕೊಟ್ಟರು. ಅದು ನನ್ನಂಥವರು ಇಬ್ಬರಿಗೆ ಆಗುತ್ತಿತ್ತು. ಮಾಹಿತಿ ತಂತ್ರಜ್ಞಾನ ವಿಭಾಗ ಪ್ರಮುಖರು ತೊಯ್ದ ಕೂದಲಿಗೆ ಟವೆಲ್ ಸುತ್ತಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಡಿಸ್ಕಿನ ತಲೆಯ ಮೇಲಿನ ಹೂವನ್ನು ತೆಗೆದರು. ಮಾಮಿ ಊದಿನಕಡ್ಡಿ ಹಚ್ಚಿದರು. ಲ್ಯಾಪ್‌ಟಾಪಿಗೆ ಡಿಸ್ಕ್ ಜೋಡಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ನೀಲಾಬಾಯಿಯ ಹೆಸರಿನ ಗಂಟು ಮೂಡಿತು, ಒಂದು ಪುಟವೂ ತಪ್ಪಿರಲಿಲ್ಲ. "ಬಂತು!" ಎಂದು ನಾನು ಕೂಗಿದ್ದಕ್ಕೆ ಮಾಮಾ ಗಂಟೆ ಬಾರಿಸಿದರು.

ಶಾಖೆಯ ಇಂಟರ್‌ನೆಟ್ ಆ ದಿನ ಮಲಗಿತ್ತು. ಸಾಹೇಬರ ಫೋನಿನ ಮೂಲಕ ಕಳಿಸಬೇಕಾಯಿತು. ಸಿಗ್ನಲ್ ಬರುವುದು ತುಳಸಿಕಟ್ಟೆಯ ಹತ್ತಿರ ಮಾತ್ರ. ಸಾಹೇಬರು ಕರಿ ಕೋಟಿನಲ್ಲಿ ತುಳಸಿಕಟ್ಟೆಯ ಪಕ್ಕ ಫೋನನ್ನು ಆಕಾಶಕ್ಕೆ ಹಿಡಿದು ನಿಂತರು. ಬಿಸಿಲು ನೆತ್ತಿಯ ಮೇಲಿತ್ತು. ಅವರು ಕೈ ಇಳಿಸಿದರೆ ಕಡತ ನಿಲ್ಲುತ್ತಿತ್ತು, ಎತ್ತಿದರೆ ಓಡುತ್ತಿತ್ತು. "ಕೈ ಸೋತಾವ್ರಿ ಬಾಯಿ" ಎಂದು ಒಂದೇ ಸಲ ಹೇಳಿದರು, ಇಳಿಸಲಿಲ್ಲ. ನೀಲಾಬಾಯಿ ಎದ್ದು ಹೋಗಿ ಅವರ ಮೊಣಕೈಗೆ ತನ್ನ ಎರಡೂ ಕೈ ಆನಿಸಿ ನಿಂತಳು. ಸಂಜೆಗೆ ಇನ್ನೂ ಹೊತ್ತಿರುವಾಗಲೇ ಎಲ್ಲ ಹೋಗಿ ಮುಟ್ಟಿತು. ಸಲ್ಲಿಕೆಯಾಗಿದೆ ಎಂದು ಪರದೆಯ ಮೇಲೆ ಹಸಿರು ಅಕ್ಷರ ಬಂತು. ಆ ವಾದದ ಮೇಲೆಯೇ ಮುಂದೆ ಅವಳಿಗೆ ದಾರಿ ಸಿಕ್ಕಿತು, ಗೋಡೆ ಬಿತ್ತು. ಆದರೆ ಅದು ಮುಂದಿನ ವರ್ಷದ ಮಾತು. ಅಂದು ನಮಗೆ ಗೊತ್ತಿದ್ದದ್ದು ಹಸಿರು ಅಕ್ಷರ ಮಾತ್ರ.

ನೀಲಾಬಾಯಿ ಮತ್ತೆ ಬಂದು ಬೆಂಚಿನ ಮೇಲೆ ಕೂತಳು. ಕೂತೇ ಇದ್ದಳು.

"ಮುಂದ?" ಎಂದಳು.

"ಮುಂದೇನಿಲ್ರಿ ಕಾಕೂ. ಆತು. ಕೋರ್ಟಿಗಿ ಮುಟ್ಟಿತು" ಎಂದೆ.

"ಎಲ್ಲಿ ಆತು ಯವ್ವಾ? ಏನೂ ಸಪ್ಪಳಾ ಆಗಲಿಲ್ಲಲ್ಲ."

ಸಾಹೇಬರು ಅವಳಿಗೆ ಹೊಸ ಪದ್ಧತಿಯನ್ನು ವಿವರಿಸಿದರು. ಈಗ ಕಾಗದ ಒಯ್ಯುವುದಿಲ್ಲ, ತಂತಿಯ ಮೇಲೆ ಹೋಗುತ್ತದೆ, ಮುಟ್ಟಿದ್ದಕ್ಕೆ ನಂಬರು ಬಂದಿದೆ ಎಂದರು. ಅವಳು ಎಲ್ಲದಕ್ಕೂ ಗೋಣು ಹಾಕಿದಳು. ಎದ್ದೇಳಲಿಲ್ಲ.

"ಸಾಹೇಬ್ರ, ನಿಮ್ಮ ಮಾತ ಖರೆ ಇರಬೇಕು. ಆದ್ರ ನಾ ತಹಶೀಲಿಗಿ ಹೋದೆ, ಕೋರ್ಟಿಗಿ ಹೋದೆ, ಎಲ್ಲಿ ಹೋದ್ರೂ ಕಾಗದ ತೊಗೊಂಡು ಶಿಕ್ಕಾ ಹೊಡೀತಿದ್ರು. ಆ ಸಪ್ಪಳಾ ಕೇಳಿದ ಮ್ಯಾಲೆ ನಾ ಎದ್ದ ಮನಿಗಿ ಹೋಗ್ತಿದ್ದೆ. ಇವತ್ತ ಮನಿಗಿ ಹೋಗಿ ಮಲಗಿದ್ರ ನನಗ ನಿದ್ದಿ ಹ್ಯಾಂಗ ಬರಬೇಕು?"

ಶಾಖೆಯಲ್ಲಿ ಪ್ರಿಂಟರು ಇರಲಿಲ್ಲ. ಮಾಮಾ ಮೇಜಿನ ಖಾನೆ ಎಳೆದು, ಶಾಖೆಯ ದುಂಡನೆಯ ರಬ್ಬರ್ ಶಿಕ್ಕಾ ತೆಗೆದರು. ಮಸಿಯ ಡಬ್ಬಿ ಒಣಗಿತ್ತು, ಎರಡು ಹನಿ ನೀರು ಬಿಟ್ಟರು. ಒಂದು ಬಿಳಿ ಹಾಳೆಯನ್ನು ನೀಲಾಬಾಯಿಯ ಮುಂದೆ ಇಟ್ಟು, ಕೈ ಮೇಲೆತ್ತಿ ಧಪ್ ಎಂದು ಹೊಡೆದರು. ಪರಾತದೊಳಗಿನ ಗಂಟೆ ಅಲುಗಿತು.

ನೀಲಾಬಾಯಿಯ ಭುಜ ಇಳಿಯಿತು. "ಈಗ ಆತು ನೋಡ್ರಿ" ಎಂದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಮಿಯ ಕಡೆ ತಿರುಗಿ, "ಒಂದ ಕಪ್ಪ ಚಹಾ ಹಾಕ್ತೀಯೇನ ತಂಗಿ?" ಎಂದಳು.

ಇಡೀ ನೌಕರಿಯಲ್ಲಿ ನಾನು ಮಾಡಿದ್ದು ಶಿಕ್ಕಾ, ಹಾಳೆ, ಮಸಿ ಎಲ್ಲವನ್ನೂ ಆಫೀಸಿನಿಂದ ಹೊರಗೆ ಹಾಕುವ ಕೆಲಸ. ಅಂದು ದೊಗಲೆ ಸೀರೆಯಲ್ಲಿ, ಕೂದಲಿನಿಂದ ನೀರು ಸೋರುತ್ತ ನಿಂತಿದ್ದ ನಾನು ಆ ಸಪ್ಪಳ ಕೇಳಿ ಮಾಮಾ ಅವರ ಹತ್ತಿರ ಹೋದೆ. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಭಯವೆಲ್ಲ ಆಗ ಹೋಯಿತು.

"ಮಾಮಾ, ಇನ್ನೊಂದ ಹೊಡೀರಿ" ಎಂದೆ. "ಜರಾ ಜೋರಲೆ."